ಅಡುಗೆಮನೆಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಪದವನ್ನು ನಾವು ದೇವಾಲಯಗಳಿಗೆ ಮೀಸಲಿರಿಸಿದ್ದೇವೆ. ವಾಸದ ಮನೆಯ ಮಾತು ಬಂದಾಗ ‘ರಿಪೇರಿ’ ಎನ್ನುತ್ತೇವೆ, ಈಚೆಗೆ ‘ರಿನೊವೇಷನ್’ ಎನ್ನುವವರೂ ಉಂಟು. ಗುಡಿಯನ್ನು ಉದ್ಧರಿಸ ಹೊರಟವನು ಅಲ್ಲಿ ಮೊದಲೇ ಇದ್ದುದಕ್ಕೆ ಕೈಮುಗಿದು ಕೆಲಸ ತೊಡಗುತ್ತಾನೆ. ಮನೆಯನ್ನು ಹೊಸದಾಗಿಸ ಹೊರಟವನು ಇದ್ದುದನ್ನು ಕಂಡು ನಾಚಿಕೊಂಡು ತೊಡಗುತ್ತಾನೆ. ನಂಜನಗೂಡಿನ ಹಳೆಯ ಬೀದಿಗಳಲ್ಲಿಯೂ ತಿರುಮಕೂಡಲು ನರಸೀಪುರದಲ್ಲಿಯೂ ಹೆಂಚಿನ ಮನೆಗಳ ಅಡುಗೆಮನೆ ಬಚ್ಚಲುಮನೆಗಳು ಒಂದೊಂದಾಗಿ ಹೊಸ ರೂಪ ತಾಳುತ್ತಿರುವುದನ್ನು ನೋಡುವಾಗಲೆಲ್ಲ, ಒಂದೇ ಸಲಕ್ಕೆ ಒಡೆದು ಕಟ್ಟುವಷ್ಟು ಹಣವಿಲ್ಲದ ಗೃಹಸ್ಥನು ಈ ವರ್ಷ ಒಲೆಕಟ್ಟೆ, ಬರುವ ವರ್ಷ ಬಚ್ಚಲು ಎಂದು ಮಾಡಿಸುವ ಕೆಲಸಕ್ಕೆ ಒಂದು ಸಮಗ್ರ ರೂಪ ಬಂದೀತೆ, ಅಥವಾ ಅದು ತೇಪೆಯಾಗಿಯೇ ಉಳಿಯಬೇಕೆ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಇದಕ್ಕೆ ಉತ್ತರವು ಈ ಸೀಮೆಯಲ್ಲಿಯೇ ಎರಡು ಬಗೆಯಾಗಿ ಕಲ್ಲಿನಲ್ಲಿ ನಿಂತಿದೆ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವು 13ನೇ ಶತಮಾನದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನ ಒಂದೇ ಸಂಕಲ್ಪದಿಂದ, ಒಂದೇ ಜಗತಿಯ ಮೇಲೆ ಮೂರು ಗರ್ಭಗೃಹಗಳೊಡನೆ ಎದ್ದುದು. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯಾದರೋ ಕಂತುಕಂತಾಗಿ ಬೆಳೆದದ್ದು. ಪುಟ್ಟದೊಂದು ಗರ್ಭಗುಡಿಯ ಸುತ್ತ ಹಲವು ರಾಜವಂಶಗಳ ಕಾಲದ ಸೇರ್ಪಡೆಗಳು ಕೂಡಿಕೊಂಡು, ಮೈಸೂರು ಒಡೆಯರ ಕೈಯಲ್ಲಿ ವಿಸ್ತರಿಸಿ, ಮುಮ್ಮಡಿ ಕೃಷ್ಣರಾಜರ ಕಾಲಕ್ಕೆ ಏಳು ನೆಲೆಯ ಗೋಪುರವನ್ನು ಪಡೆಯಿತು. ಆದರೂ ದೊಡ್ಡ ಜಾತ್ರೆಗೆ ಬಂದ ಭಕ್ತನಿಗೆ ಅದು ಒಂದೇ ಗುಡಿ. ಹಿಂದಿನವನಿಗಿಂತ ಭಿನ್ನವಾಗಿ ಕಟ್ಟಿದವರು ಕೂಡ ದೇವರ ಮುಖವನ್ನೂ ಪ್ರದಕ್ಷಿಣೆಯ ದಾರಿಯನ್ನೂ ತಪ್ಪಿಸಲಿಲ್ಲ. ಮನೆಯಲ್ಲಿ ಆ ಸ್ಥಾನದಲ್ಲಿರತಕ್ಕವು ನೀರು, ಬೆಂಕಿ, ಹೊಗೆಗಳ ದಾರಿಗಳು ಎಂಬುದು ನನ್ನ ಅಭಿಪ್ರಾಯ; ಟೈಲಿನ ಬಣ್ಣ ಆಮೇಲಿನ ಮಾತು.

ಹಳೆಯ ಬಚ್ಚಲುಮನೆಯನ್ನೇ ನೋಡಿ. ಮೂಲೆಯ ಹಂಡೆಯೊಲೆಗೆ ತೋಟದ ಸೋಗೆ, ಮಟ್ಟೆ, ಕರಟಗಳೇ ಸೌದೆ. ಒಲೆಯ ಬೂದಿ ಪಾತ್ರೆ ಬೆಳಗುವುದಕ್ಕೆ. ಕಾವು ಗೋಡೆಯ ತೇವವನ್ನು ದಿನದಿನವೂ ಆರಿಸುವುದಕ್ಕೆ. ಹೊಗೆ ಅಟ್ಟಕ್ಕೇರಿ ತೊಲೆ ರೀಪರುಗಳಿಗೆ ಮಸಿ ಹಿಡಿಸಿ ಹುಳುವನ್ನು ದೂರವಿಡುವುದಕ್ಕೆ. ಮಿಂದ ನೀರು ಹಿತ್ತಿಲ ಬಾಳೆಯ ಬುಡಕ್ಕೆ. ಈ ಸರಪಣಿಯಿಂದ ಹಂಡೆಯೊಂದನ್ನು ಕಿತ್ತು ಗೀಸರು ತೂಗುಹಾಕಿದೆವೆನ್ನಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಬೆವರಿ, ಅಂಟಿಸಿದ ಟೈಲು ಹೊಟ್ಟೆ ಬಿಟ್ಟು, ಮಾಡಿನ ಮರದಿಂದ ಹಿಟ್ಟು ಉದುರತೊಡಗಿದರೆ ಅದು ಮೇಸ್ತ್ರಿಯ ದೋಷವಲ್ಲ. ನಾನು ಹಂಡೆಯ ಪಕ್ಷಪಾತಿಯೂ ಅಲ್ಲ. ನಸುಕಿನಲ್ಲೆದ್ದು ಹಸಿ ಸೋಗೆಯ ಮುಂದೆ ಕುಳಿತು ಊದುಗೊಳವೆ ಊದಿ ಕಣ್ಣು ಕೆಂಪಾಗಿಸಿಕೊಂಡವನು ನಾನಲ್ಲ, ನನ್ನ ತಾಯಿ. ಹಂಡೆ ಹೋಗಲಿ, ಅದು ಮಾಡುತ್ತಿದ್ದ ಐದಾರು ಕೆಲಸಗಳನ್ನು ಇನ್ನಾರು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಲಿ. ಒಂದು ಬದಲಾವಣೆಗೂ ಮತ್ತೊಂದಕ್ಕೂ ನಡುವೆ ಒಂದು ವರ್ಷದ ಬಿಡುವಿದ್ದರೆ, ಮಳೆ ಬಿಸಿಲುಗಳನ್ನು ಒಂದು ಸುತ್ತು ಕಂಡ ಮನೆಯೇ ಅದನ್ನು ತಿಳಿಸಿಕೊಡುತ್ತದೆ. ನಿಧಾನದ ನವೀಕರಣವನ್ನು ಬಡತನದ ಉಪಾಯವೆಂದಷ್ಟೇ ಕಾಣುವವರು ಈ ಲಾಭವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರಲ್ಲಿ ತೊಡಕಿಲ್ಲವೆಂದಲ್ಲ. ಈ ವರ್ಷ ಮೆಚ್ಚಿ ತಂದ ಟೈಲು ಮೂರು ವರ್ಷದ ಮೇಲೆ ಅಂಗಡಿಯಲ್ಲಿ ದೊರೆಯುವುದಿಲ್ಲ. ಅದೇ ಹೆಸರಿನದು ದೊರೆತರೂ ಬ್ಯಾಚು ಬೇರೆಯಾಗಿ ಬಣ್ಣದ ಛಾಯೆ ಹೊಂದುವುದಿಲ್ಲ. ಆದಕಾರಣ ಹಂತಹಂತವಾಗಿ ಮಾಡಿಸುವವನು ಎಂದಿಗೂ ಸಿಗುವ ವಸ್ತುಗಳನ್ನೇ ಹಿಡಿಯತಕ್ಕದ್ದು: ಕಡಪಾ ಕಲ್ಲು, ಕರಿಯ ಗ್ರಾನೈಟು, ಚಿತ್ತಾರವಿಲ್ಲದ ಬಿಳಿಯ ಟೈಲು, ನಮ್ಮ ಕಡೆಯ ಕೈ ಇನ್ನೂ ಮರೆಯದ ಕೆಂಪು ಗಾರೆಯ ನೆಲ. ಒಲೆಕಟ್ಟೆಗೂ ಬಚ್ಚಲಿನ ಹೊಸ್ತಿಲಿಗೂ ಒಂದೇ ಕಲ್ಲಿರಿಸಿ, ನಲ್ಲಿಗಳನ್ನೆಲ್ಲ ಒಂದೇ ಹೊಳಪಿನವನ್ನು ಹಾಕಿಸಿದರೆ, ಐದು ವರ್ಷ ಎಳೆದ ಕೆಲಸವೂ ಒಂದೇ ಕೈಯದಾಗಿ ಕಾಣುತ್ತದೆ.

ಸಮಕಾಲೀನ ಶೈಲಿ ಎಂಬ ಮಾತನ್ನೂ ಸ್ವಲ್ಪ ಕೆದಕಿ ನೋಡಬೇಕು. ಇಂದಿನ ಮಾಡ್ಯುಲರ್ ಕಿಚನ್ನಿನ ಮೂಲವೆಂದು ಹೆಸರಾದ ಫ್ರಾಂಕ್‌ಫರ್ಟಿನ ಅಡುಗೆಮನೆಯನ್ನು 1926ರಲ್ಲಿ ರೂಪಿಸಿದ ಮಾರ್ಗರೆಟೆ ಷ್ಯೂಟೆ-ಲಿಹೋಟ್ಸ್ಕಿ ಎಂಬ ಮಹಿಳೆ, ಅಡುಗೆಯವಳ ಹೆಜ್ಜೆಗಳನ್ನು ಎಣಿಸಿ, ರೈಲಿನ ಊಟದ ಬಂಡಿಯ ಇಕ್ಕಟ್ಟಾದ ಅಡುಗೆಕೋಣೆಯಿಂದ ಪಾಠ ಕಲಿತು, ಒಬ್ಬಳೇ ದುಡಿಯುವ ಕಾರ್ಮಿಕ ಗೃಹಿಣಿಗೆಂದು ಅದನ್ನು ಅಳೆದಿದ್ದಳು. ಅವಳ ರೀತಿ ಅನುಕರಣೀಯ; ಅವಳ ಅಳತೆ ಅಲ್ಲ. ಯುಗಾದಿಯ ಹೋಳಿಗೆಗೆ ಮೂವರು ಹೆಂಗಸರು ನೆಲದ ಮೇಲೆ ಕೂರುವ ಮನೆಯಲ್ಲಿ, ಹೂರಣ ರುಬ್ಬುವವಳು ಒಬ್ಬಳು, ಕಣಕ ನಾದುವವಳು ಒಬ್ಬಳು, ತಟ್ಟುವವಳು ಒಬ್ಬಳಾಗಿ ಕೆಲಸ ಸಾಗುವಾಗ, ನಡುವೆ ಬರಿದಾಗಿ ಬಿಟ್ಟ ನಾಲ್ಕಡಿ ನೆಲವೇ ಅತ್ಯಂತ ಆಧುನಿಕವಾದ ಸಲಕರಣೆ. ನಮ್ಮಲ್ಲಿ ಮಣೆಯ ಮೇಲೆ ಕುಳಿತು ಬೇಯಿಸುತ್ತಿದ್ದವರನ್ನು ನಿಲ್ಲಿಸಿದ್ದು ಗ್ಯಾಸಿನ ಒಲೆ. ಹಾಗೆ ನಿಂತವಳ ಮೊಣಕೈಗಿಂತ ನಾಲ್ಕು ಬೆರಳು ತಗ್ಗಾಗಿ ಕಟ್ಟೆ ಇರಬೇಕೇ ಹೊರತು, ಅಂಗಡಿಯವನ ಅಚ್ಚಿಗೆ ಸರಿಯಾಗಿ ಅಲ್ಲ. ಗ್ಯಾಸು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದೆ. ಹೊಗೆಗೆಂದು ಮೇಲಿಟ್ಟ ಗವಾಕ್ಷಿಯೊಂದೇ ಸಾಲದು, ಸಿಲಿಂಡರಿನ ಬಳಿ ಕೆಳಗೂ ಗಾಳಿಕಿಂಡಿ ಬೇಕು. ಇಂಥದನ್ನು ಬಿಟ್ಟು, ಕಪಾಟಿನ ಬಾಗಿಲಿಗೆ ಬೂದುಬಣ್ಣವೋ ದಂತವರ್ಣವೋ ಎಂದು ವಾರಗಟ್ಟಲೆ ಚರ್ಚಿಸುವುದು ನನಗೆ ಸೋಜಿಗ.

ಬಚ್ಚಲಿನ ಕೆಲಸದಲ್ಲಿ ನಂಜನಗೂಡಿನವರಿಗೆ ಇನ್ನೊಂದು ಎಚ್ಚರವೂ ಬೇಕು. ನದೀಸ್ನಾನವೇ ರೂಢಿಯಾಗಿದ್ದ ಕಾಲದ ಮನೆಗಳಲ್ಲಿ ಬಚ್ಚಲೆಂದರೆ ಒಂದು ಮೂಲೆ, ಒಂದು ತೂಬು, ಅಷ್ಟೆ. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿ ಹದಿನಾರು ಕಾಲು ಮಂಟಪ ಮುಳುಗಿದಂಥ ದಿನಗಳಲ್ಲಿ, ತಗ್ಗಿನ ಬೀದಿಯ ಚರಂಡಿ ಹಿಮ್ಮುಖವಾಗಿ ಹರಿದರೆ ಆ ನೀರು ಮೊದಲು ತಲೆಯೆತ್ತುವುದು ಬಚ್ಚಲ ತೂಬಿನಲ್ಲಿಯೇ.

ನಮ್ಮ ಮನೆಯಲ್ಲಿ ಬಚ್ಚಲ ಸರದಿ ಬಂದಾಗ, ಗಾರೆ ಕೆಲಸಕ್ಕೆಂದು ಬಂದ ಮುದುಕ ಟೈಲಿನ ಪೆಟ್ಟಿಗೆಗಳ ಕಡೆ ತಿರುಗಿಯೂ ನೋಡಲಿಲ್ಲ. “ಒಂದು ಚೊಂಬು ನೀರು ಕೊಡಿ ಅಮ್ಮಾವ್ರೇ, ಎಲ್ಲಿಗ್ ಹೋದದು ನೋಡ್ಬುಡುವಾ” ಎಂದು ನನ್ನ ತಾಯಿಯಿಂದ ಚೊಂಬು ಇಸಿದುಕೊಂಡು, ನೆಲದ ನಡುವೆ ಸುರಿದು, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ. ಬೀದಿಯ ಚರಂಡಿಗೆಂದು ಹೊಸದಾಗಿ ಕೊರೆಸಿದ್ದ ತೂಬಿನತ್ತ ನೀರು ಒಂದು ಗೇಣು ಸರಿದು, ತಡೆದು, ಮೆಲ್ಲನೆ ಹೊರಳಿ, ಹಿತ್ತಿಲ ಗೋಡೆಯ ಬುಡದಲ್ಲಿ ಮುಚ್ಚಿಹೋಗಿದ್ದ ಹಳೆಯ ತೂಬಿನ ಕಡೆಗೆ ಹರಿಯಿತು. ಅವನು ಅಡಿಗೆ ಕಾಲಿಂಚಿನಂತೆ ವಾಟವನ್ನು ಆ ಕಡೆಗೇ ಗುರುತುಹಾಕಿ, ಹಳೆಯ ತೂಬನ್ನು ಬಿಡಿಸತೊಡಗಿದ. ಟೈಲಿನ ಪೆಟ್ಟಿಗೆಗಳು ಇನ್ನೆರಡು ವಾರ ಜಗಲಿಯ ಮೇಲೆಯೇ ಕಾದವು.