ಸರ್ಕಾರಿ ಬಾಡಿಗೆ ಮನೆ: ಬಾಡಿಗೆದಾರನಲ್ಲದವ ಕೊಳ್ಳಬಹುದೇ?

ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿ ಹೊರಗಿನವರಿಗೆ ಪರಿಚಿತವಾಗಿರುವುದು ಅಲ್ಲಿನ ಕೃಷಿ ವಿಜ್ಞಾನ ಕೇಂದ್ರದ ಮೂಲಕ. ವಸತಿ ನೀತಿಯ ಚರ್ಚೆಯಲ್ಲಿ ಇಂಥ ಊರಿನ ಹೆಸರು ಕೇಳಿಬರುವುದಿಲ್ಲ. ಆದರೂ ರಾಜ್ಯದ ಎಲ್ಲೆಡೆಯಂತೆ ಗೋಕಾಕ, ಹುಕ್ಕೇರಿ ಸೀಮೆಯಲ್ಲಿಯೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಸರ್ಕಾರ ಒಬ್ಬರ ವಾಸಕ್ಕೆಂದು ಕೊಟ್ಟ ಮನೆಯನ್ನು ಮತ್ತೊಬ್ಬರು ಹಣ ಕೊಟ್ಟು ಪಡೆದರೆ ಅದು ಅವರದಾಗುತ್ತದೆಯೇ?

ಉತ್ತರ ಮನೆಯ ಬಗೆಯನ್ನು ಅವಲಂಬಿಸಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಂನಲ್ಲಿರುವ ನೀರಾವರಿ ಕಾಲೊನಿಯಂಥ ಇಲಾಖಾ ವಸತಿಗೃಹಗಳ ವಿಷಯದಲ್ಲಿ ಗೊಂದಲವೇ ಇಲ್ಲ. ಅವು ನೌಕರಿಯ ಅವಧಿಗೆ ಸೀಮಿತ. ಅವಧಿ ಮೀರಿ ಉಳಿದವರನ್ನು ತೆರವುಗೊಳಿಸಲು 1974ರ ಸಾರ್ವಜನಿಕ ಆವರಣಗಳ ಕಾಯ್ದೆ ಇದೆ. ಅಲ್ಲಿ ವಾಸಿಸುವವರಿಗೇ ಮಾರುವ ಅಧಿಕಾರವಿಲ್ಲದಿರುವಾಗ ಹೊರಗಿನವರು ಕೊಳ್ಳುವ ಮಾತು ದೂರವೇ ಉಳಿಯಿತು.

ತೊಡಕಿರುವುದು ಬಾಡಿಗೆ ಮತ್ತು ಮಾಲೀಕತ್ವದ ನಡುವೆ ನಿಂತ ಮನೆಗಳಲ್ಲಿ. ಗೃಹಮಂಡಳಿ ಹಾಗೂ ಅಭಿವೃದ್ಧಿ ಪ್ರಾಧಿಕಾರಗಳು ದಶಕಗಳ ಕಾಲ ಅನುಸರಿಸಿದ ‘ಲೀಸ್ ಕಮ್ ಸೇಲ್’ ಪದ್ಧತಿಯಲ್ಲಿ ಹಂಚಿಕೆದಾರ ಮೊದಲಿಗೆ ಗುತ್ತಿಗೆದಾರ ಮಾತ್ರ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1984ರ ನಿಯಮಗಳಲ್ಲಿ ಈ ಅವಧಿ 10 ವರ್ಷ. ಷರತ್ತುಗಳನ್ನು ಪಾಲಿಸಿ ಹಣ ಪೂರ್ತಿ ಕಟ್ಟಿದ ಮೇಲಷ್ಟೇ ಸಂಪೂರ್ಣ ಕ್ರಯಪತ್ರ. ಆಶ್ರಯದಂಥ ಯೋಜನೆಗಳ ಹಕ್ಕುಪತ್ರದಲ್ಲಿಯೂ ಪರಭಾರೆ ನಿಷೇಧದ ಷರತ್ತು ಇರುತ್ತದೆ. ಈ ನಡುವಿನ ಕಾಲದಲ್ಲಿಯೇ ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಹಣ ಬೇಕಾಗುತ್ತದೆ. ಬಾಂಡ್ ಪೇಪರ್ ಮೇಲೆ ಕರಾರು, ಜೊತೆಗೊಂದು ಜನರಲ್ ಪವರ್ ಆಫ್ ಅಟಾರ್ನಿ ಬರೆದು ಮನೆಯ ಕೀಲಿಯನ್ನು ಬೇರೆಯವರ ಕೈಗೆ ಕೊಡಲಾಗುತ್ತದೆ. ಕೊಂಡವರು ವಿದ್ಯುತ್ ಬಿಲ್ಲು ಕಟ್ಟುತ್ತಾರೆ, ತೆರಿಗೆ ಕಟ್ಟುತ್ತಾರೆ, ಮೇಲೊಂದು ಕೋಣೆಯನ್ನೂ ಕಟ್ಟಿಸುತ್ತಾರೆ. ದಾಖಲೆಯಲ್ಲಿ ಮಾತ್ರ ಹಳೆಯ ಹೆಸರೇ ಇರುತ್ತದೆ.

ಇಂಥ ವ್ಯವಹಾರದ ಬೆಲೆ ಎಷ್ಟೆಂಬುದನ್ನು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ನಿಚ್ಚಳವಾಗಿ ಹೇಳಿದೆ. ಕರಾರುಪತ್ರ, ಪವರ್ ಆಫ್ ಅಟಾರ್ನಿ, ಉಯಿಲು ಈ ಮೂರನ್ನು ಒಟ್ಟುಗೂಡಿಸಿದರೂ ಸ್ಥಿರಾಸ್ತಿಯ ಮಾಲೀಕತ್ವ ವರ್ಗಾವಣೆಯಾಗದು. ನೋಂದಾಯಿತ ಕ್ರಯಪತ್ರವೇ ಬೇಕು. ಆಸ್ತಿ ವರ್ಗಾವಣೆ ಕಾಯ್ದೆಯ 53ಎ ಕಲಮು ಕರಾರಿನಂತೆ ಸ್ವಾಧೀನ ಪಡೆದವರಿಗೆ ಒಂದಿಷ್ಟು ರಕ್ಷಣೆ ಕೊಡುತ್ತದೆಯಾದರೂ 2001ರ ತಿದ್ದುಪಡಿಯ ನಂತರ ಆ ಕರಾರೂ ನೋಂದಣಿಯಾಗಿರಬೇಕು. ಅದಕ್ಕಿಂತ ಮುಖ್ಯವಾಗಿ, ಆ ರಕ್ಷಣೆ ಮಾರಿದವನ ವಿರುದ್ಧವೇ ಹೊರತು ಕರಾರಿಗೆ ಸಹಿಯನ್ನೇ ಹಾಕದ ಮಂಡಳಿ ಅಥವಾ ಪಾಲಿಕೆಯ ವಿರುದ್ಧವಲ್ಲ. ಬಾಡಿಗೆದಾರ ಎಂದು ವಾದಿಸೋಣವೆಂದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಸರ್ಕಾರದ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಹಣ ಕೊಟ್ಟು ಮನೆ ಪಡೆದವರು ಅತ್ತ ಮಾಲೀಕರೂ ಅಲ್ಲ, ಇತ್ತ ಬಾಡಿಗೆದಾರರೂ ಅಲ್ಲ.

ಇದರ ಪರಿಣಾಮವನ್ನು ರಾಜ್ಯ ಕಣ್ಣಾರೆ ಕಂಡದ್ದು ಬೆಂಗಳೂರಿನ ಈಜಿಪುರದಲ್ಲಿ. 1990ರ ದಶಕದ ಆರಂಭದಲ್ಲಿ ಮಹಾನಗರ ಪಾಲಿಕೆ ಆರ್ಥಿಕವಾಗಿ ದುರ್ಬಲರಿಗೆಂದು ಕಟ್ಟಿದ ವಸತಿ ಸಮುಚ್ಚಯ ಅದು. 2003ರಲ್ಲಿ, ಮತ್ತೆ 2007ರಲ್ಲಿ ಬ್ಲಾಕ್‌ಗಳು ಕುಸಿದವು. ಆ ಜಾಗದಲ್ಲಿ ಖಾಸಗಿ ಸಹಭಾಗಿತ್ವದ ಯೋಜನೆ ರೂಪುಗೊಂಡು, 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಹೊಸ ಮನೆಯ ಭರವಸೆ ದೊರೆತದ್ದು ‘ಮೂಲ ಹಂಚಿಕೆದಾರ’ರಿಗೆ. ಅವರಿಂದ ಮನೆಯನ್ನು ಬಾಡಿಗೆಗೆ ಪಡೆದವರು, ಕಾಗದದ ಮೇಲೆ ಕೊಂಡವರು ಪಟ್ಟಿಯ ಹೊರಗುಳಿದರು. ಬುಲ್ಡೋಜರ್ ಬಂದ ದಿನ ಅಲ್ಲಿ ವಾಸಿಸುತ್ತಿದ್ದವರು ಯಾರು ಎಂಬುದಕ್ಕಿಂತ ಎರಡು ದಶಕ ಹಿಂದಿನ ಕಡತದಲ್ಲಿ ಯಾರ ಹೆಸರಿತ್ತು ಎಂಬುದೇ ನಿರ್ಣಾಯಕವಾಯಿತು. ಕಾನೂನಿನ ದೃಷ್ಟಿಯಿಂದ ಪಾಲಿಕೆಯ ನಿಲುವಿಗೆ ಆಧಾರವಿತ್ತೆಂದೇ ಇಟ್ಟುಕೊಳ್ಳೋಣ. ಆದರೆ ವರ್ಷಗಟ್ಟಲೆ ಈ ಕೈಬದಲಾವಣೆಯನ್ನು ನೋಡಿಯೂ ನೋಡದಂತಿದ್ದ ಆಡಳಿತಕ್ಕೆ ತೆರವಿನ ದಿನ ಒಮ್ಮೆಲೇ ನಿಯಮ ನೆನಪಾಗುವುದು ನ್ಯಾಯವೆಂದು ಈ ಲೇಖಕನಿಗೆ ತೋರುವುದಿಲ್ಲ.

ಹಾಗಾದರೆ ಹೊರಗಿನವರಿಗೆ ನೇರ ದಾರಿಯೇ ಇಲ್ಲವೇ? ಇದೆ. ಮಂಡಳಿಯೇ ಪ್ರಕಟಣೆ ಹೊರಡಿಸಿ ಹರಾಜು ಹಾಕಿದಾಗ ಭಾಗವಹಿಸಬಹುದು. ಇಲ್ಲವೇ ಹಂಚಿಕೆದಾರನಿಗೆ ಸಂಪೂರ್ಣ ಕ್ರಯಪತ್ರ ದೊರೆತು ನಿಷೇಧದ ಅವಧಿ ಮುಗಿದ ಮೇಲೆ ಅವನಿಂದ ಕೊಳ್ಳಬಹುದು. ಹಳ್ಳಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಯಾರ ಹೆಸರಿನಲ್ಲಿವೆ ಎಂಬುದನ್ನು ಪಂಚಾಯಿತಿಯಲ್ಲಿ, ಋಣಭಾರ ಪ್ರಮಾಣಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಡಿದ ಮೇಲೆಯೇ ಮುಂಗಡ ಕೊಡಬೇಕು.

ಬ್ರಿಟನ್ನಿನಲ್ಲಿ 1980ರ ವಸತಿ ಕಾಯ್ದೆ ಕೌನ್ಸಿಲ್ ಮನೆಗಳನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕನ್ನು ಕೊಟ್ಟದ್ದು ಬಾಡಿಗೆದಾರನಿಗೆ. ಜೊತೆಗೆ ವಾಸಿಸುವ ಕುಟುಂಬದವರು ಪಾಲುದಾರರಾಗಬಹುದಿತ್ತು. ಆದರೆ ಒಮ್ಮೆ ಮಾರಾಟವಾದ ಮನೆ ಮುಕ್ತ ಮಾರುಕಟ್ಟೆಗೆ ಬಂದು, ಅನೇಕವು ದುಬಾರಿ ಖಾಸಗಿ ಬಾಡಿಗೆ ಮನೆಗಳಾದವು. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಆ ಹಕ್ಕನ್ನೇ ರದ್ದುಪಡಿಸಿದವು.

ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಒಪ್ಪಿದ ಕೈಗೆಟುಕುವ ಬಾಡಿಗೆ ವಸತಿ ಯೋಜನೆ ಈ ಅಪಾಯವನ್ನು ಅರಿತಂತಿದೆ. ಹಿಂದಿನ ನರ್ಮ್ ಯೋಜನೆಯಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಒಂದು ಲಕ್ಷಕ್ಕೂ ಹೆಚ್ಚು ಮನೆಗಳನ್ನು 25 ವರ್ಷಗಳ ಒಪ್ಪಂದದ ಮೇಲೆ ಬಾಡಿಗೆಗೆ ಕೊಟ್ಟು, ಅವಧಿ ಮುಗಿದೊಡನೆ ಸ್ಥಳೀಯ ಸಂಸ್ಥೆಗೆ ಮರಳಿಸುವುದು ಅದರ ಒಂದು ಮಾದರಿ. ಅಲ್ಲಿ ಬಾಡಿಗೆದಾರನಿಗೂ ಖರೀದಿಯ ಹಕ್ಕಿಲ್ಲ. ಇದು ಕಟುವೆನಿಸಿದರೂ ಸರಿಯಾದ ನಿಯಮ. ಇಂದು ಬಂದವನಿಗೆ ಮಾರಿಬಿಟ್ಟರೆ ನಾಳೆ ಬರುವ ಕೂಲಿಕಾರನಿಗೆ ಬಾಡಿಗೆ ಕೋಣೆ ಎಲ್ಲಿಂದ ಬರಬೇಕು?

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಬಡಾವಣೆಗಳು ಮುಳುಗಿದಾಗ ಸರ್ಕಾರ ಮನೆ ಪೂರ್ಣ ಕಳೆದುಕೊಂಡವರಿಗೆ 5 ಲಕ್ಷ ರೂ. ಪರಿಹಾರ ಘೋಷಿಸಿತು. ಹೊಸ ಮನೆ ಏಳುವವರೆಗೆ ಇರಲು ಬೇಕಾಗಿದ್ದದ್ದು ಬಾಡಿಗೆ ಮನೆ. ಇನ್ನು 2020ರ ಯೋಜನೆ ನಗರಗಳಿಗಷ್ಟೇ ಸಂಬಂಧಿಸಿದ್ದು. ಕಬ್ಬಿನ ಹಂಗಾಮಿನಲ್ಲಿ ಈ ಸೀಮೆಗೆ ಬರುವ ಕಟಾವು ಗ್ಯಾಂಗುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಗದ್ದೆಯಂಚಿನ ಜೋಪಡಿಗಳಲ್ಲಿಯೇ ಅವರ ಹಂಗಾಮು ಮುಗಿಯುತ್ತದೆ.