ಓಡುವ ಕುದುರೆಗೆ ಎಂಥ ಕ್ಯಾಮೆರಾ?

ನಮ್ಮ ವಿದ್ಯಾರ್ಥಿಯೊಬ್ಬನು ಮೈಸೂರಿನ ಕುದುರೆ ಪಂದ್ಯದ ಮೈದಾನದಲ್ಲಿ ತೆಗೆದ ಛಾಯಾಚಿತ್ರವೊಂದನ್ನು ತಂದು ತೋರಿಸಿದನು. ಕುದುರೆಯ ಮೈ ಸ್ಪಷ್ಟವಾಗಿಯೇ ಮೂಡಿದ್ದಿತು. ಆದರೆ ಹಿಂದಿನ ಬೇಲಿಯ ಕಂಬಗಳೆಲ್ಲ ಒಂದೇ ಕಡೆಗೆ ವಾಲಿದ್ದವು, ನೆಲಕ್ಕೆ ಊರಿದ ಕಾಲು ವಿಕಾರವಾಗಿ ಓರೆಯಾಗಿದ್ದಿತು. ಕ್ಯಾಮೆರಾ ಸ್ನೇಹಿತನಿಂದ ಎರವಲು ತಂದುದು. “ಫುಲ್ ಫ್ರೇಮ್ ಕ್ಯಾಮೆರಾ ಕೊಂಡರೆ ಇದು ಸರಿಹೋಗುವುದೆ, ಸಾರ್? ಸಾಲ ಮಾಡಿಯಾದರೂ ಕೊಡಿಸುವೆನೆಂದು ಅಪ್ಪ ಹೇಳಿದ್ದಾರೆ” ಎಂದನು.

ಪ್ರಶ್ನೆ ಸಹಜವಾದುದೇ. ಫುಲ್ ಫ್ರೇಮ್ ಎಂದರೆ ಬೆಳಕನ್ನು ಗ್ರಹಿಸುವ ಫಲಕವು, ಅಂದರೆ ಸೆನ್ಸರು, ಹಿಂದಿನ 35 ಮಿಲಿಮೀಟರು ಫಿಲ್ಮಿನ ಚೌಕಟ್ಟಿನಷ್ಟೇ ಇರುವುದು, 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ದೊಡ್ಡದು ಒಳ್ಳೆಯದೆಂಬುದು ಲೋಕರೂಢಿ. ಆದರೆ ಓಡುವ ಕುದುರೆಯ ವಿಷಯದಲ್ಲಿ ಕ್ಯಾಮೆರಾವನ್ನು ಮೊದಲು ಅಳೆಯಬೇಕಾದುದು ಫಲಕದ ವಿಸ್ತೀರ್ಣದಿಂದಲ್ಲ, ಕಾಲದಿಂದ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ನಾಗಾಲೋಟದ ಕುದುರೆಯ ಕಾಲುಗಳ ಚಲನೆಯನ್ನು ಬರಿಗಣ್ಣು ಹಿಡಿಯಲಾರದು. ಫ್ರಾನ್ಸಿನ ಚಿತ್ರಕಾರ ಜೆರಿಕೊ 1821ರಲ್ಲಿ ಬರೆದ ಎಪ್ಸಮ್ ಪಂದ್ಯದ ಚಿತ್ರದಲ್ಲಿ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುತ್ತಿವೆ. 1878ರ ಜೂನಿನಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಮೈಬ್ರಿಜ್ ಎಂಬಾತನು 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಕುದುರೆಯು ಓಡುತ್ತ ದಾರಗಳನ್ನು ತಾಗಿದೊಡನೆ ಷಟರುಗಳು ಬಿಡುಗಡೆಯಾಗುವಂತೆ ಏರ್ಪಡಿಸಿದನು. ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುವ ಕ್ಷಣವುಂಟು. ಆದರೆ ಆಗ ಅವು ಚಾಚಿರದೆ ಹೊಟ್ಟೆಯ ಕೆಳಗೆ ಕೂಡಿಕೊಂಡಿರುತ್ತವೆ ಎಂಬುದು ಸಿದ್ಧವಾಯಿತು. ಹೀಗೆ ಚಿತ್ರಕಾರರ ತಪ್ಪನ್ನು ತಿದ್ದಿದ ಕ್ಯಾಮೆರಾವೇ ಇಂದು ಇಲ್ಲದ ಕುದುರೆಯನ್ನು ಸೃಷ್ಟಿಸುವುದಾದರೆ ಅದಕ್ಕೆ ಏನೆನ್ನಬೇಕು?

ಲೆಕ್ಕ ಮಾಡಿ ನೋಡೋಣ. ಗಂಟೆಗೆ 60 ಕಿಲೊಮೀಟರು ವೇಗದ ಕುದುರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡುವುದು. 1/1000 ಸೆಕೆಂಡಿನಲ್ಲಿ 17 ಮಿ.ಮೀ. ಕ್ಯಾಮೆರಾವನ್ನು ಅಲುಗಿಸದೆ ಹಿಡಿದು, 4.5 ಮೀಟರು ಅಗಲದ ನೋಟವನ್ನು 36 ಮಿ.ಮೀ. ಫಲಕದ ಮೇಲೆ ಬೀಳಿಸಿದರೆ, ಬಿಂಬವು 0.136 ಮಿ.ಮೀ. ಸರಿಯುವುದು. 240 ಲಕ್ಷ ಬಿಂದುಗಳ ಸೆನ್ಸರಿನಲ್ಲಿ ಒಂದೊಂದು ಬಿಂದುವಿನ ಅಗಲ 0.006 ಮಿ.ಮೀ.; ಅಂದರೆ 23 ಬಿಂದುಗಳಷ್ಟು ಮಸುಕು. ಬಿಂದುಗಳನ್ನು ಹೆಚ್ಚಿಸಿದರೆ ಮಸುಕನ್ನೇ ಇನ್ನಷ್ಟು ಸಣ್ಣದಾಗಿ ಹೋಳು ಮಾಡಿದಂತಾಯಿತೇ ಹೊರತು ಬೇರೆ ಪ್ರಯೋಜನವಿಲ್ಲ. ಷಟರಿನ ವೇಗವೊಂದೇ ಇದಕ್ಕೆ ಮದ್ದು.

ಇನ್ನು ವಾಲಿದ ಕಂಬಗಳು. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರಿನಲ್ಲಿ ಸೆನ್ಸರು ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ. ಪುಟದ ಸಾಲುಗಳಂತೆ ಮೇಲಿನಿಂದ ಕೆಳಕ್ಕೆ ಓದುತ್ತದೆ. ಈ ಓದಿಗೆ 1/30 ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಕುದುರೆ ಅರ್ಧ ಮೀಟರಿಗೂ ಹೆಚ್ಚು ಸಾಗಿರುತ್ತದೆ. ಕುದುರೆಯನ್ನು ಅನುಸರಿಸಿ ಕ್ಯಾಮೆರಾವನ್ನು ತಿರುಗಿಸುವಾಗಲಾದರೋ ಚಿತ್ರದಲ್ಲಿ ಓಡುವುದು ಕಂಬಗಳೇ! ನೆಲಕ್ಕೆ ಊರಿದ ಕಾಲಿಗೂ ಅದೇ ಗತಿ. ಯಾಂತ್ರಿಕ ಷಟರಿನ ಪರದೆಗಳು ಫಲಕವನ್ನು ಸುಮಾರು 1/250 ಸೆಕೆಂಡಿನಲ್ಲಿ ದಾಟುವುದರಿಂದ ಈ ದೋಷ 7 ಸೆಂಟಿಮೀಟರಿಗೆ ಇಳಿಯುವುದು. 2021ರಲ್ಲಿ ಬಂದ ನಿಕಾನ್ ಝಡ್ 9 ಕ್ಯಾಮೆರಾದಲ್ಲಿ ಓದು ಇಷ್ಟೇ ಶೀಘ್ರವಾದುದರಿಂದ ಯಾಂತ್ರಿಕ ಷಟರನ್ನೇ ಬಿಟ್ಟಿದ್ದಾರೆ. 2023ರಲ್ಲಿ ಪ್ರಕಟವಾದ ಸೋನಿ ಆಲ್ಫಾ 9ರ ಮೂರನೆಯ ಮಾದರಿಯಲ್ಲಿ ಎಲ್ಲ ಸಾಲುಗಳೂ ಏಕಕಾಲಕ್ಕೆ ಗ್ರಹಿಸುತ್ತವೆ. ಇವೆರಡೂ ಫುಲ್ ಫ್ರೇಮೇ; ಆದರೆ ಇವುಗಳ ಸತ್ಯಸಂಧತೆ ಬಂದುದು ಶೀಘ್ರತೆಯಿಂದ, ಗಾತ್ರದಿಂದಲ್ಲ.

ಹಾಗಾದರೆ ಗಾತ್ರಕ್ಕೆ ಬೆಲೆಯೇ ಇಲ್ಲವೆ? ಉಂಟು, ಬೆಳಕು ಕುಗ್ಗಿದಾಗ. ಒಳ್ಳೆಯ ಬಿಸಿಲಿನಲ್ಲಿ ಐ.ಎಸ್.ಓ. 100 ಇರಿಸಿದರೆ ಎಫ್/16 ರಂಧ್ರಕ್ಕೆ 1/100 ಸೆಕೆಂಡು ಸಾಕು. ಎಫ್/4ಕ್ಕೆ ತೆರೆದರೆ 16 ಪಾಲು ಬೆಳಕು ಬಂದು 1/1600 ಸೆಕೆಂಡು ಸಾಧ್ಯವಾಗುವುದು. ಇಲ್ಲಿ ಚಿಕ್ಕ ಸೆನ್ಸರೂ ಸಾಕು. ಸಂಜೆಯಲ್ಲಿಯೂ ಮಾಡಿನಡಿಯ ಸವಾರಿ ಅಂಗಳದಲ್ಲಿಯೂ ಈ ವೇಗಕ್ಕೆ ಬೆಳಕು ಸಾಲದು. ಫುಲ್ ಫ್ರೇಮಿನ ವಿಸ್ತೀರ್ಣ ಸಾಮಾನ್ಯ ಚಿಕ್ಕ ಸೆನ್ಸರಿನ ಎರಡು ಪಾಲಿಗಿಂತ ಹೆಚ್ಚು. ಆದುದರಿಂದ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ದೋಷ ಕಡಮೆ. ಆದರೆ ಅಷ್ಟೇ ದೂರದ ಕುದುರೆಯನ್ನು ಅಷ್ಟೇ ದೊಡ್ಡದಾಗಿ ತುಂಬಲು ಇದಕ್ಕೆ ಇನ್ನೂ ಉದ್ದನೆಯ, ದಪ್ಪನೆಯ ಮಸೂರ ಬೇಕು. ಬೆಳಕನ್ನು ತರುವುದು ಮಸೂರ. ಫಲಕವು ಅದನ್ನು ತುಂಬಿಕೊಳ್ಳುವ ಪಾತ್ರೆ ಮಾತ್ರ. ಪಾತ್ರೆಗೆ ಹಣವನ್ನೆಲ್ಲ ಸುರಿದು ಮಸೂರಕ್ಕೆ ಏನೂ ಉಳಿಸದವನು ಜಾಣನಲ್ಲ.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಸದ್ದಿಲ್ಲದ ಷಟರನ್ನಿರಿಸಿ, ಕ್ಯಾಮೆರಾವನ್ನು ಅಡ್ಡಲಾಗಿ ಬೇಗನೆ ತಿರುಗಿಸುತ್ತ ಬಾಗಿಲ ಚೌಕಟ್ಟಿನ ಚಿತ್ರ ತೆಗೆಯಿರಿ. ಚೌಕಟ್ಟು ವಾಲಿದರೆ ಕುದುರೆಯ ಕಾಲೂ ವಾಲುವುದು.

ನಮ್ಮ ವಿದ್ಯಾರ್ಥಿಯ ಎರವಲು ಕ್ಯಾಮೆರಾದಲ್ಲಿ ಯಾಂತ್ರಿಕ ಷಟರೂ ಇದ್ದಿತು. ಮುಂದಿನ ವಾರ ಅದನ್ನು ಬಳಸಿ ತೆಗೆದ ಚಿತ್ರದಲ್ಲಿ ಕಂಬಗಳು ನೆಟ್ಟಗೆ ನಿಂತಿದ್ದವು. ತಂದೆಯ ಸಾಲವೂ ಉಳಿಯಿತು.