ಬೆಳಗಿನ ಹೊಗೆಗೆ ಎಂಜಿನ್ ಬಿಚ್ಚಿಸಬೇಡಿ ಸ್ವಾಮಿ!

ಬೆಳಿಗ್ಗೆ ಆರೂವರೆ. ಬಸ್ ಸ್ಟ್ಯಾಂಡಿನ ಎದುರು ಸಾಲಿನ ಅಂಗಡಿಗಳ ಶಟರ್ ಇನ್ನೂ ಅರ್ಧ ಮಾತ್ರ ಎದ್ದಿರುತ್ತದೆ. ಹೂವಿನವರು ಬುಟ್ಟಿ ಬಿಚ್ಚುತ್ತಿರುತ್ತಾರೆ, ಹೋಟೆಲಿನಲ್ಲಿ ಮೊದಲ ಒಬ್ಬೆ ಇಡ್ಲಿ ಇಳಿದಿರುತ್ತದೆ. ಆಗ ಶುರುವಾಗುತ್ತದೆ ನೋಡಿ, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸೆಲ್ಫ್ ಹೊಡೆಯುವ ಭರಾಟೆ. ಒಂದು ಗಾಡಿ ನಡುಗಿಕೊಂಡು ಎದ್ದಿತು ಅನ್ನುವಷ್ಟರಲ್ಲಿ ಸೈಲೆನ್ಸರಿನಿಂದ ಬಿಳಿ ಹೊಗೆ ಮೋಡದ ಹಾಗೆ ಹೊರಬಂದು, ರಸ್ತೆ ದಾಟಿ, ನೇರವಾಗಿ ಇಡ್ಲಿ ತಟ್ಟೆಯ ಮೇಲೇ ಕೂರುತ್ತದೆ. ಮೊದಲ ಬಸ್ಸಿಗೆ ಕಾದು ನಿಂತ ಕಾಲೇಜು ಹುಡುಗಿಯರು ಮೂಗಿಗೆ ದುಪಟ್ಟಾ ಹಿಡಿಯುತ್ತಾರೆ. ಹೋಟೆಲಿನವರು ಬಾಗಿಲಿಗೆ ಬಂದು ಏನು ಅನ್ನುತ್ತಾರೆ ಎನ್ನುವುದನ್ನು ಇಲ್ಲಿ ಅಚ್ಚು ಹಾಕುವ ಹಾಗಿಲ್ಲ.

ಈ ಜಗಳ ಪ್ರತಿ ಚಳಿಗಾಲದ್ದು. ಈ ಸಲ ಅಂಗಡಿಯವರು ಟ್ಯಾಕ್ಸಿ ಸ್ಟ್ಯಾಂಡನ್ನೇ ಬೇರೆ ಕಡೆ ಎತ್ತಿ ಹಾಕಿ ಅಂತ ಅರ್ಜಿ ಬರೆದು ಸಹಿ ಹಾಕಿಸುತ್ತಿದ್ದಾರೆ. ಟ್ಯಾಕ್ಸಿಯವರು, 'ನಮ್ಮ ಗಾಡಿಗೆಲ್ಲ ಹೊಗೆ ಸರ್ಟಿಫಿಕೇಟ್ ಇದೆ, ಯಾರು ಬೇಕಾದರೂ ಬಂದು ನೋಡಲಿ' ಅಂತ ಎದೆ ಸೆಟೆಸಿ ನಿಂತಿದ್ದಾರೆ. ಎರಡು ಕಡೆಯವರೂ ನನಗೆ ಬೇಕಾದವರೇ. ಬೆಳಗಿನ ಕಾಫಿ ಇವರ ಹತ್ತಿರ, ಸುದ್ದಿ ಅವರ ಹತ್ತಿರ. ಆದರೂ ಹೇಳಲೇಬೇಕು, ಇಬ್ಬರೂ ಹೊಗೆಯನ್ನು ನೋಡುತ್ತಿದ್ದಾರೆಯೇ ಹೊರತು ಅದು ಹೇಳುವುದನ್ನು ಕೇಳುತ್ತಿಲ್ಲ.

ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಸ್ಟ್ಯಾಂಡಿನ ಒಬ್ಬರ ಕಥೆ ಹೇಳುತ್ತೇನೆ. ಹೆಸರು ಬೇಡ. ಹನ್ನೆರಡು ವರ್ಷ ಹಳೆಯ ಡೀಸೆಲ್ ಕಾರು, ಸ್ವಂತದ್ದು, ಅವರೇ ಓನರ್, ಅವರೇ ಡ್ರೈವರ್. ನವೆಂಬರಿನಲ್ಲಿ ಚಳಿ ಬಿದ್ದದ್ದೇ ತಡ, ಬೆಳಿಗ್ಗೆ ಗಾಡಿ ಏಳುವುದಕ್ಕೆ ಸತಾಯಿಸತೊಡಗಿತು. ಎದ್ದ ಮೇಲೆ ಎರಡು ನಿಮಿಷ ಗಡಗಡ ನಡುಕ, ಬಿಳಿ ಹೊಗೆ, ಕಣ್ಣು ಉರಿಸುವ ಡೀಸೆಲ್ ವಾಸನೆ. ಆಮೇಲೆ ಸರಿಹೋಗಿ ದಿನವಿಡೀ ಚಕಾರ ಎತ್ತುತ್ತಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ತೋರಿಸಿದರು. ಅಲ್ಲಿಯವರು ಸೈಲೆನ್ಸರಿನ ಬಾಯಿಗೆ ಕೈ ಅಡ್ಡ ಹಿಡಿದು, ಮೂಸಿ ನೋಡಿ, 'ಬೋರ್ ಹೋಗಿದೆ, ಎಂಜಿನ್ ಬಿಚ್ಚಬೇಕು' ಅಂದರು. ಇವರು ಚೀಟಿ ಎತ್ತಿದ ದುಡ್ಡು ಸುರಿದರು. ಹದಿನೆಂಟು ದಿನ ಗಾಡಿ ಗ್ಯಾರೇಜಿನಲ್ಲಿ. ಡಿಸೆಂಬರಿನ ಸೀಸನ್, ಮುಳ್ಳಯ್ಯನಗಿರಿ ಕಡೆಯ ಟ್ರಿಪ್ಪುಗಳೆಲ್ಲ ಬೇರೆಯವರ ಪಾಲು. ಗಾಡಿ ವಾಪಸ್ಸು ಬಂದ ಮಾರನೇ ಬೆಳಿಗ್ಗೆ ಸೆಲ್ಫ್ ಹೊಡೆದರೆ ಅದೇ ನಡುಕ, ಅದೇ ಹೊಗೆ!

ಕೊನೆಗೆ ಹಳೇ ಅಂಬಾಸಿಡರ್ ಕಾಲದ ಒಬ್ಬ ಮುದುಕ ಮೇಸ್ತ್ರಿ ಒಂದು ಬಲ್ಬು, ಎರಡು ತುಂಡು ವೈರು ಹಿಡಿದು ಹತ್ತು ನಿಮಿಷದಲ್ಲಿ ರೋಗ ಹೇಳಿದರು. ನಾಲ್ಕು ಹೀಟರ್ ಪ್ಲಗ್ಗಿನಲ್ಲಿ ಮೂರು ಸತ್ತಿದ್ದವು. ಒಂದೊಂದಕ್ಕೆ ಕೆಲವು ನೂರು ರೂಪಾಯಿ. ಮುಗಿಯಿತು.

ಇಲ್ಲಿ ಓದುಗರು ಒಂದು ವಿಷಯ ತಿಳಿಯಬೇಕು. ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹಾರಿಸುವುದಕ್ಕೆ ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ವಿದ್ಯೆ. ಪಿಸ್ಟನ್ನು ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು ಐನೂರು ಡಿಗ್ರಿ ಮೀರಿ ಕಾಯುತ್ತದೆ, ಅದರ ಮೇಲೆ ಡೀಸೆಲ್ ಚಿಮುಕಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಆದರೆ ರಾತ್ರಿಯೆಲ್ಲ ಮಂಜಿನಲ್ಲಿ ನಿಂತ ಎಂಜಿನ್ನಿನ ಕಬ್ಬಿಣ ಆ ಬಿಸಿಯನ್ನು ಹೀರಿಬಿಡುತ್ತದೆ. ಅದಕ್ಕೇ ಪ್ರತಿ ಸಿಲಿಂಡರಿಗೊಂದು ಹೀಟರ್ ಪ್ಲಗ್ ಇಟ್ಟಿರುವುದು. ಕೀ ತಿರುಗಿಸಿದಾಗ ಡ್ಯಾಶ್ ಬೋರ್ಡಿನಲ್ಲಿ ಸುರುಳಿ ಆಕಾರದ ಹಳದಿ ದೀಪ ಬರುತ್ತದಲ್ಲ, ಅದು ಇದರದ್ದು. ದೀಪ ಆರಿದ ಮೇಲೆ ಸೆಲ್ಫ್ ಹೊಡೆಯಬೇಕು. ನಮ್ಮವರಿಗೆ ಆ ಐದಾರು ಸೆಕೆಂಡೂ ಪುರಸೊತ್ತಿಲ್ಲ! ಇನ್ನೊಂದು ಮಾತು, ಹಳೇ ಗಾಡಿಗಳಲ್ಲಿ ದೀಪ ಬಂದು ಆರಿತು ಅಂದರೆ ಪ್ಲಗ್ ಚೆನ್ನಾಗಿದೆ ಅಂತಲ್ಲ. ದೀಪ ಟೈಮರಿನ ಲೆಕ್ಕಕ್ಕೆ ಆರುತ್ತದೆ, ಪ್ಲಗ್ ಸತ್ತಿದ್ದರೂ ಆರುತ್ತದೆ.

ಪ್ಲಗ್ ಸತ್ತ ಸಿಲಿಂಡರಿನಲ್ಲಿ ಡೀಸೆಲ್ ಬೀಳುತ್ತದೆ, ಹತ್ತುವುದಿಲ್ಲ. ಹತ್ತದ ಡೀಸೆಲ್ಲೇ ಆವಿಯಾಗಿ, ಬಿಳಿ ಹೊಗೆಯಾಗಿ ಹೊರಗೆ ಬರುವುದು. ಪಕ್ಕದ ಸಿಲಿಂಡರುಗಳ ಶಾಖಕ್ಕೆ ಅದೂ ಬಿಸಿಯಾದ ಮೇಲೆ ಹೊಗೆ ನಿಲ್ಲುತ್ತದೆ. ಮೇಸ್ತ್ರಿಯ ಬಲ್ಬಿನ ವಿದ್ಯೆ ಇಷ್ಟೇ: ಪ್ಲಗ್ಗುಗಳನ್ನು ಸೇರಿಸುವ ಪಟ್ಟಿ ಬಿಚ್ಚಿ, ಬ್ಯಾಟರಿಯ ಪ್ಲಸ್ಸಿನಿಂದ ಬಲ್ಬಿನ ಮೂಲಕ ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸುವುದು. ಬಲ್ಬ್ ಹತ್ತಿದರೆ ಒಳಗಿನ ತಂತಿ ಇದೆ, ಹತ್ತದಿದ್ದರೆ ಕಡಿದಿದೆ. ಆಮೇಲೆ ಕೀ ಹಾಕಿಸಿ, ಆ ಪಟ್ಟಿಗೆ ಕರೆಂಟ್ ಬರುತ್ತಿದೆಯೇ ನೋಡುವುದು. ಬರದಿದ್ದರೆ ತಪ್ಪು ಪ್ಲಗ್ಗಿನದಲ್ಲ, ಫ್ಯೂಸು ಅಥವಾ ರಿಲೇದು. ಇದು ಹಳೇ ಗಾಡಿಯ ಮಾತು. ಹೊಸ ಸಿಆರ್‌ಡಿಐ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿಯೇ ನೋಡಿಸಿ. ಬ್ಯಾಟರಿಯಿಂದ ನೇರ ವೈರ್ ಎಳೆದು ಪ್ಲಗ್ ಕಾಯಿಸುವ ಪರಾಕ್ರಮ ಬೇಡ. ಹಾಗೆಯೇ ಹಳೇ ಪ್ಲಗ್ಗನ್ನು ಎಂಜಿನ್ ತಣ್ಣಗಿರುವಾಗ ಜೋರು ಮಾಡಿ ತಿರುಪಿದರೆ ತುಂಡಾಗಿ ಹೆಡ್ಡಿನೊಳಗೇ ಉಳಿಯುತ್ತದೆ. ಆಗ ನಿಜಕ್ಕೂ ಎಂಜಿನ್ ಬಿಚ್ಚಬೇಕಾಗುತ್ತದೆ.

ಹಾಗಂತ ಬೆಳಗಿನ ಬಿಳಿ ಹೊಗೆಯೆಲ್ಲ ಹೀಟರ್ ಪ್ಲಗ್ಗಿನದೇ ಅಂತ ನಾನು ಹೇಳಿದರೆ ನಾನೂ ಆ ಗ್ಯಾರೇಜಿನವರ ಸಾಲಿಗೇ ಸೇರಿದಂತೆ. ಬ್ಯಾಟರಿ ಸೋತು ಸೆಲ್ಫ್ ನಿಧಾನಕ್ಕೆ ತಿರುಗಿದರೂ ಗಾಳಿ ಸಾಕಷ್ಟು ಕಾಯದೆ ಇದೇ ಹೊಗೆ ಬರುತ್ತದೆ. ರಾತ್ರಿ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿದ್ದರೆ ಗಾಡಿ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಂಡು, ಕೆಮ್ಮಿಕೊಂಡು, ಹೊಗೆ ಬಿಟ್ಟು ಏಳುತ್ತದೆ. ನಾಝಲ್ ಸೋರುತ್ತಿರಬಹುದು. ಕಂಪ್ರೆಷನ್ ನಿಜಕ್ಕೂ ಬಿದ್ದಿರಬಹುದು. ಬೇರೆ ಮಾಡಿ ನೋಡುವ ದಾರಿ ಕಷ್ಟದ್ದಲ್ಲ. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿ, ಬಿಸಿ ಇರುವಾಗಲೇ ಮತ್ತೆ ಸೆಲ್ಫ್ ಹೊಡೆಯಿರಿ. ಒಂದೇ ಏಟಿಗೆ, ಹೊಗೆಯಿಲ್ಲದೆ ಎದ್ದರೆ ಪ್ಲಗ್ಗಿನ ಮೇಲೆ ಅನುಮಾನ ಹೆಚ್ಚು. ಬಿಸಿಯಲ್ಲೂ ಸತಾಯಿಸಿದರೆ ಆಗ ಕಂಪ್ರೆಷನ್ ಗೇಜ್ ಹಾಕಿಸಿ, ನಂಬರ್ ಬರೆಸಿಕೊಳ್ಳಿ. ಗೇಜ್ ಹಾಕದೆ 'ಬೋರ್ ಹೋಗಿದೆ' ಅನ್ನುವವರು ನಾಡಿ ಹಿಡಿಯದೆ ಆಪರೇಷನ್ ಬರೆದುಕೊಡುವ ಡಾಕ್ಟರಿದ್ದಂತೆ.

ಬಿಳಿ ಹೊಗೆಯಲ್ಲಿ ಭಯಪಡಬೇಕಾದದ್ದು ಒಂದಿದೆ. ಎಂಜಿನ್ ಪೂರ್ತಿ ಕಾದ ಮೇಲೂ ಹೊಗೆ ನಿಲ್ಲದೆ, ಅದಕ್ಕೆ ಡೀಸೆಲ್ ಘಾಟಿನ ಬದಲು ಸ್ವಲ್ಪ ಸಿಹಿ ವಾಸನೆ ಇದ್ದು, ಕೂಲೆಂಟ್ ಡಬ್ಬಿಯ ಮಟ್ಟ ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯ ಬಣ್ಣದ ಜಿಡ್ಡು ಕಂಡರೆ ಇನ್ನೂ ಅನುಮಾನ. ಅಂಥ ಗಾಡಿ ತಗೊಂಡು ಚಾರ್ಮಾಡಿ ಘಾಟಿ ಇಳಿಯಬೇಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲಂತೂ ಹೋಗಲೇಬೇಡಿ, ಮುಖ ಬೆಂದುಹೋಗುತ್ತದೆ.

ಭಯವೇ ಬೇಡವಾದದ್ದೂ ಇದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯ ರೂಪದಲ್ಲಿ. ಚಳಿಯ ಬೆಳಿಗ್ಗೆ ನಮ್ಮ ಬಾಯಿಂದ ಹಬೆ ಬರುವಂತೆ ಅದು ಸೈಲೆನ್ಸರಿನ ಬಾಯಲ್ಲಿ ತೆಳ್ಳಗೆ ಕಾಣುತ್ತದೆ, ನಾಲ್ಕು ಮಾರು ಹೋಗುವಷ್ಟರಲ್ಲಿ ಮಾಯ. ವಾಸನೆ ಇಲ್ಲ, ಕಣ್ಣುರಿ ಇಲ್ಲ. ಇದಕ್ಕೂ ಜಗಳ ತೆಗೆಯುವ ಅಂಗಡಿಯವರು ನಮ್ಮಲ್ಲಿದ್ದಾರೆ. ಅವರಿಗೆ ನನ್ನ ಬೆಂಬಲವಿಲ್ಲ.

ನೀಲಿ ಹೊಗೆ ಆಯಿಲ್ ಉರಿಯುತ್ತಿದೆ ಅನ್ನುವ ಸುದ್ದಿ. ಅದರಲ್ಲೂ ಎರಡು ಬಗೆ. ರಾತ್ರಿಯೆಲ್ಲ ನಿಂತ ಗಾಡಿ ಎದ್ದ ಕೂಡಲೇ ಒಂದು ಉಂಡೆ ನೀಲಿ ಹೊಗೆ ಉಗುಳಿ ಸುಮ್ಮನಾದರೆ, ವಾಲ್ವ್ ಸೀಲಿನಿಂದ ಆಯಿಲ್ ಹನಿಹನಿಯಾಗಿ ಇಳಿದಿದೆ ಅಂತ ಮೊದಲ ಅನುಮಾನ. ಗಾಡಿ ಕಾದ ಮೇಲೂ ನೀಲಿ ಬರುತ್ತಲೇ ಇದ್ದು, ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಇಳಿಯುತ್ತಾ, ಆಯಿಲ್ ಮುಚ್ಚಳ ಬಿಚ್ಚಿದರೆ ಪುಸುಪುಸು ಹೊಗೆ ಏಳುತ್ತಿದ್ದರೆ ಆಗ ರಿಂಗಿನ ಮಾತು. ಟರ್ಬೊ ಇರುವ ಗಾಡಿಯಲ್ಲಿ ಟರ್ಬೊ ಸೀಲ್ ಕೂಡ ನೋಡಿಸಬೇಕು. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಎಸ್ಟೇಟ್ ರಸ್ತೆಯ ಕೆಂಪು ಧೂಳು ತಿಂದ ಏರ್ ಫಿಲ್ಟರನ್ನು ಮೊದಲು ತೆಗೆದು ನೋಡಿ, ಆಮೇಲೆ ಇಜಿಆರ್, ಆಮೇಲೆ ನಾಝಲ್.

ನಾಝಲ್ ಅಂದಾಗ ನೆನಪಾಯಿತು. ಹಳೇ ಮೇಸ್ತ್ರಿಗಳು ಗಾಡಿ ಸ್ಟಾರ್ಟಿನಲ್ಲಿರುವಾಗ ಒಂದೊಂದೇ ನಾಝಲ್ ಪೈಪಿನ ನಟ್ ಸಡಿಲ ಮಾಡಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಕಂಡುಹಿಡಿಯುತ್ತಿದ್ದರು. ಹಳೇ ಪಂಪಿನ ಗಾಡಿಗೆ ಅದು ನಡೆಯುತ್ತಿತ್ತು. ಕಾಮನ್ ರೇಲ್ ಗಾಡಿಯಲ್ಲಿ ಆ ಪೈಪಿನಲ್ಲಿ ಸಾವಿರ ಬಾರ್ ಮೀರಿದ ಒತ್ತಡ ಇರುತ್ತದೆ. ಚಿಮ್ಮಿದ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ನುಗ್ಗಿ ಕೈಯನ್ನೇ ತೆಗೆಯುವ ಸ್ಥಿತಿ ಬರಬಹುದು. ಕಲಿಯುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡುತ್ತಿಲ್ಲ ಅನ್ನುವುದು ನನ್ನ ಕಳವಳ.

ಈಗ ಆ ಸರ್ಟಿಫಿಕೇಟಿನ ಮಾತಿಗೆ ಬರೋಣ. ಟ್ಯಾಕ್ಸಿಯವರು ಸುಳ್ಳು ಹೇಳುತ್ತಿಲ್ಲ, ಸರ್ಟಿಫಿಕೇಟ್ ನಿಜಕ್ಕೂ ಇದೆ. ಆದರೆ ಆ ಪರೀಕ್ಷೆ ಹೇಗೆ? ಎಂಜಿನ್ ಆಯಿಲ್ ಕನಿಷ್ಠ ಅರವತ್ತು ಡಿಗ್ರಿಗೆ ಬಿಸಿಯಾದ ಮೇಲೆ, ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ, ಬರುವ ಹೊಗೆ ಎಷ್ಟು ದಟ್ಟ ಅಂತ ಅಳೆಯುತ್ತಾರೆ. ಬಿಎಸ್-4ಕ್ಕಿಂತ ಹಳೇ ಡೀಸೆಲ್ ಗಾಡಿಗೆ 65 ಹಾರ್ಟ್‌ರಿಜ್ ಯೂನಿಟ್, ಬಿಎಸ್-4 ಗಾಡಿಗೆ 50 ಮೀರಬಾರದು. ಒಳ್ಳೆಯದೇ. ಕಪ್ಪು ಹೊಗೆ ಅದರಲ್ಲಿ ಸಿಕ್ಕಿಬೀಳುತ್ತದೆ. ಆದರೆ ಬೆಳಿಗ್ಗೆ ಆರೂವರೆಯ ತಣ್ಣನೆ ಎಂಜಿನ್ನಿನ ಬಿಳಿ ಹೊಗೆಯನ್ನು ಆ ಮೆಷಿನ್ ನೋಡುವುದೇ ಇಲ್ಲ! ಮೂರು ಪ್ಲಗ್ ಸತ್ತ ನಮ್ಮ ಗೆಳೆಯರ ಗಾಡಿಯೂ ಮಧ್ಯಾಹ್ನ ಹೋಗಿ ಧಾರಾಳವಾಗಿ ಪಾಸಾಗಿತ್ತು. ಹಾಗಾಗಿ ಹೋಟೆಲಿನವರ ದೂರಿಗೆ ಸರ್ಟಿಫಿಕೇಟ್ ತೋರಿಸುವುದು ಉತ್ತರವೇ ಅಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ 2012ರಲ್ಲಿ ಹೇಳಿದೆ. ದಿನಾ ಬೆಳಿಗ್ಗೆ ಅದನ್ನು ಕುಡಿಯುವವರು ಮೊದಲ ಬಸ್ಸಿನ ಮಕ್ಕಳು, ಹೂವಿನವರು, ಮತ್ತು ಎಲ್ಲರಿಗಿಂತ ಹೆಚ್ಚಾಗಿ ಸ್ವತಃ ಆ ಡ್ರೈವರುಗಳೇ.

ಸ್ಟ್ಯಾಂಡ್ ಎತ್ತಿ ಹಾಕಿದರೆ ಹೊಗೆ ಹೋಗುವುದಿಲ್ಲ, ಇನ್ನೊಂದು ಬೀದಿಗೆ ಹೋಗುತ್ತದೆ. ಅರ್ಜಿ ಬರೆಯುವವರು ಅದರಲ್ಲಿ ಬೇರೆ ಎರಡು ಮಾತು ಸೇರಿಸಲಿ. ಒಂದು, ಗಾಡಿ ನಿಲ್ಲಿಸಿಕೊಂಡು ಕಾಲು ಗಂಟೆ 'ಬಿಸಿ ಮಾಡುವ' ಚಾಳಿ ನಿಲ್ಲಬೇಕು. ನಿಂತಲ್ಲಿ ಎಂಜಿನ್ ಬೇಗ ಕಾಯುವುದೇ ಇಲ್ಲ. ಎದ್ದ ಮೇಲೆ ಅರ್ಧ ನಿಮಿಷ, ಒಂದು ನಿಮಿಷ ಬಿಟ್ಟು ಮೆಲ್ಲಗೆ ಓಡಿಸಿದರೆ ಬೇಗ ಕಾಯುತ್ತದೆ, ಹೊಗೆಯೂ ಬೇಗ ನಿಲ್ಲುತ್ತದೆ. ಎದ್ದ ಕೂಡಲೇ ಆಕ್ಸಿಲರೇಟರ್ ಒತ್ತಿ ಗುಡುಗಿಸುವವರು, ಆಯಿಲ್ ಇನ್ನೂ ಮೇಲೆ ಹತ್ತದ ಟರ್ಬೊವನ್ನು ತಾವೇ ಸವೆಸುತ್ತಿದ್ದಾರೆ. ಎರಡು, ಡ್ರೈವರುಗಳ ಸಂಘ ಮತ್ತು ವರ್ತಕರು ಕೂಡಿ ಚಳಿಗಾಲಕ್ಕೆ ಮುಂಚೆ ಒಂದು ಭಾನುವಾರ ಆ ಮುದುಕ ಮೇಸ್ತ್ರಿಯನ್ನು ಸ್ಟ್ಯಾಂಡಿಗೇ ಕರೆಸಿ ಎಲ್ಲ ಗಾಡಿಯ ಪ್ಲಗ್ಗು, ಬ್ಯಾಟರಿ, ಏರ್ ಫಿಲ್ಟರ್ ನೋಡಿಸಲಿ. ಒಂದು ದಿನದ ಕೂಲಿ ಎಷ್ಟಾಗುತ್ತದೆ? ಅರ್ಜಿಗೆ ಓಡಾಡುವ ಖರ್ಚಿಗಿಂತ ಕಡಿಮೆ.

'ಹಳೇ ಗಾಡಿ ಮಾರಿ ಹೊಸದು ತಗೊಳ್ಳಲಿ' ಅನ್ನುವವರೂ ಇದ್ದಾರೆ. 2020ರ ಏಪ್ರಿಲಿನಿಂದ ಬಿಎಸ್-6 ಬಂದಿದೆ, ಆ ಡೀಸೆಲ್ ಗಾಡಿಗಳ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರೇ ಇರುತ್ತದೆ, ಸರಿ. ಆದರೆ ಅದೇ ತಿಂಗಳಿನಿಂದ ಮಾರುತಿಯಂಥ ಕಂಪನಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಸಾಲ ತೀರಿದ ಹಳೇ ಗಾಡಿಯಲ್ಲಿ ಮಕ್ಕಳ ಫೀಜು ಕಟ್ಟುವವರು ಹೊಸ ಸಾಲಕ್ಕೆ ಹೇಗೆ ಕೈ ಹಾಕುತ್ತಾರೆ? ಹಳೇ ಗಾಡಿಗಳು ಇನ್ನೂ ಕೆಲವು ಚಳಿಗಾಲ ನಮ್ಮ ನಡುವೆ ಇರುತ್ತವೆ.

ಅಂದ ಹಾಗೆ, ಎಂಜಿನ್ ಬಿಚ್ಚಿದ ಆ ಗ್ಯಾರೇಜಿನವರನ್ನು ನಮ್ಮ ಗೆಳೆಯರು ಹೋಗಿ ಕೇಳಿದರಂತೆ. 'ಎಂಜಿನ್ ಹೊಸದಾಗಿದೆಯಲ್ಲ, ನಷ್ಟವೇನು?' ಅಂದರಂತೆ ಅವರು. ಬಿಲ್ಲು ಕೇಳಿದ್ದಕ್ಕೆ ಒಂದು ಚೀಟಿಯಲ್ಲಿ ಬರೀ ಮೊತ್ತ ಬರೆದುಕೊಟ್ಟಿದ್ದಾರೆ. ಯಾವ ಪಾರ್ಟ್ ಹಾಕಿದರು, ಕಂಪ್ರೆಷನ್ ಎಷ್ಟಿತ್ತು, ಒಂದೂ ಇಲ್ಲ. ಚೀಟಿ ನನ್ನ ಮೇಜಿನ ಮೇಲಿದೆ. ಗ್ರಾಹಕರ ವೇದಿಕೆಗೆ ದೂರು ಕೊಡುವುದಕ್ಕೆ ಅಷ್ಟು ಕಾಗದ ಸಾಕೇ ಅಂತ ಒಬ್ಬ ವಕೀಲರನ್ನು ಕೇಳಿದ್ದೇನೆ. ಸೋಮವಾರ ಬರಹೇಳಿದ್ದಾರೆ.